ಮಗುವಿನ ಮೂಗಿನಲ್ಲಿ ನ್ಯೂಮೊಕಾಕಸ್: ರಿಪೋರ್ಟಿಗೆ ಮದ್ದು ಬೇಕೆ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಚಳಿ ಹಿಡಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಎಳೆ ಮಕ್ಕಳ ನೆಗಡಿ, ಕಫದ ಬಗ್ಗೆ ಪತ್ರಗಳು ಹೆಚ್ಚಿವೆ. ಮಗು ಆಡಿಕೊಂಡಿದೆ, ಆದರೆ ಮೂಗು ಗಂಟಲಲ್ಲಿ ಬ್ಯಾಕ್ಟೀರಿಯ ಇದೆಯಂತೆ ಎನ್ನುವುದು ಅವುಗಳಲ್ಲಿ ಹಲವರ ಆತಂಕ. ಆಯ್ದ ಪ್ರಶ್ನೆಗಳಿಗೆ ಮಕ್ಕಳ ವೈದ್ಯರು ಮತ್ತು ಸೂಕ್ಷ್ಮಜೀವಿ ಲ್ಯಾಬಿನ ತಜ್ಞರು ಸೇರಿ ಉತ್ತರಿಸಿದ್ದಾರೆ.

*ನನ್ನ ಮಗಳಿಗೆ ಏಳು ತಿಂಗಳು. ನೆಗಡಿ ಎರಡು ವಾರ ಎಳೆಯಿತು ಅಂತ ಲ್ಯಾಬಿನಲ್ಲಿ ಗಂಟಲ ಸ್ವಾಬ್ ಕೊಟ್ಟೆವು. ‘ಸ್ಟ್ರೆಪ್ಟೊಕಾಕಸ್ ನ್ಯೂಮೋನಿಯೆ, ಮಧ್ಯಮ ಬೆಳವಣಿಗೆ’ ಎಂದು ರಿಪೋರ್ಟ್ ಬಂದಿದೆ. ಕೆಳಗೆ ಆಂಟಿಬಯೋಟಿಕ್‌ಗಳ ಉದ್ದ ಪಟ್ಟಿ. ಅಷ್ಟರಲ್ಲಿ ನೆಗಡಿ ಹೋಗಿದೆ, ಹಾಲು ಚೆನ್ನಾಗಿ ಕುಡಿಯುತ್ತಾಳೆ. ‘ನ್ಯೂಮೋನಿಯಾ ಒಳಗೇ ಕೂತಿದೆ, ಔಷಧಿ ಹಾಕಿಸು’ ಅಂತ ಮನೆಯವರ ಒತ್ತಾಯ. – ಬೇಲೂರು*

ಔಷಧಿ ಬೇಡ. ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆ ಮಡಚಿ ಇಡಿ.

ಸ್ವಾಬ್ ತೆಗೆದದ್ದು ಗಂಟಲಿನಿಂದ. ನ್ಯೂಮೋನಿಯಾ ಆಗುವುದು ಶ್ವಾಸಕೋಶದಲ್ಲಿ. ಗಂಟಲಿನಲ್ಲಿ ಏನು ಬೆಳೆಯಿತು ಎಂಬುದನ್ನು ನೋಡಿ ಶ್ವಾಸಕೋಶದಲ್ಲಿ ಏನಿದೆ ಎಂದು ಹೇಳಲು ಯಾವ ಲ್ಯಾಬಿಗೂ ಆಗುವುದಿಲ್ಲ. ನ್ಯೂಮೊಕಾಕಸ್ ಎಂದು ಚಿಕ್ಕದಾಗಿ ಕರೆಯುವ ಈ ಬ್ಯಾಕ್ಟೀರಿಯದ ಮನೆಯೇ ಮಕ್ಕಳ ಮೂಗಿನ ಹಿಂಭಾಗ, ಅಂದರೆ ಮೂಗು ಗಂಟಲನ್ನು ಕೂಡುವ ಜಾಗ. ನಮ್ಮಂಥ ದೇಶಗಳಲ್ಲಿ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುಪಾಲು ಮಕ್ಕಳ ಮೂಗಿಗೆ ಇದು ಒಮ್ಮೆಯಾದರೂ ಬಂದು ಹೋಗಿರುತ್ತದೆ. ಬಂದದ್ದು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಇದ್ದು ಹೋಗುತ್ತದೆ, ಆಮೇಲೆ ಅದರದೇ ಇನ್ನೊಂದು ಬಗೆ ಬರುತ್ತದೆ. ಈ ಓಡಾಟ ಎರಡು ಮೂರು ವರ್ಷದ ಆಸುಪಾಸಿನಲ್ಲಿ ಅತಿ ಹೆಚ್ಚು, ಶಾಲೆಗೆ ಹೋಗುವ ವಯಸ್ಸಿನಿಂದ ನಿಧಾನಕ್ಕೆ ಇಳಿಮುಖ.

ಇದನ್ನು ಮೊದಲು ಗುರುತಿಸಿದ್ದು 1881ರಲ್ಲಿ, ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಮತ್ತು ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ. ಸ್ಟರ್ನ್‌ಬರ್ಗ್‌ಗೆ ಅದು ಸಿಕ್ಕಿದ್ದು ಯಾವ ರೋಗಿಯಿಂದಲೂ ಅಲ್ಲ, ತನ್ನದೇ ಎಂಜಲಿನಲ್ಲಿ. ಆತ ಆರೋಗ್ಯವಾಗಿಯೇ ಇದ್ದ.

ಇನ್ನು ಆ ಪಟ್ಟಿಯ ವಿಷಯ. ಈ ಬ್ಯಾಕ್ಟೀರಿಯದಿಂದ ನಿಜವಾಗಿ ಕಾಯಿಲೆ ಬಂದರೆ ಯಾವ ಔಷಧಿ ಕೆಲಸ ಮಾಡೀತು ಎಂಬುದಷ್ಟೇ ಅದು. ಔಷಧಿ ಕೊಡಿ ಎಂಬ ಆದೇಶವಲ್ಲ. ಕೊಟ್ಟರೆ ಆಗುವುದು ಇಷ್ಟು: ಔಷಧಿಗೆ ಬಗ್ಗುವ ಬ್ಯಾಕ್ಟೀರಿಯ ಸಾಯುತ್ತವೆ, ಬಗ್ಗದವು ಉಳಿಯುತ್ತವೆ, ಜೊತೆಗೆ ಮೂಗಿನಲ್ಲಿದ್ದ ನಿರುಪದ್ರವಿಗಳೂ ಹೋಗುತ್ತವೆ, ಮಗುವಿಗೆ ಭೇದಿ ಶುರುವಾಗಬಹುದು. ಕೆಲವೇ ವಾರಗಳಲ್ಲಿ ಅಕ್ಕನಿಂದಲೋ ಪಕ್ಕದ ಮನೆಯ ಮಗುವಿನಿಂದಲೋ ನ್ಯೂಮೊಕಾಕಸ್ ಮತ್ತೆ ಬಂದು ಕೂರುತ್ತದೆ. ಅಲ್ಲಿಗೆ ಔಷಧಿಗೆ ಬಗ್ಗದ ತಳಿಗೆ ನಾವೇ ಜಾಗ ಖಾಲಿ ಮಾಡಿಕೊಟ್ಟ ಹಾಗಾಯಿತು.

ಎಳೆ ಮಗುವಿನ ಮಾಮೂಲಿ ನೆಗಡಿಗೆ ಗಂಟಲ ಸ್ವಾಬ್ ಮಾಡಿಸುವ ಅಗತ್ಯವೇ ಇರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡು ಡಿಫ್ತೀರಿಯಾ ಅನುಮಾನ ಬಂದರೆ, ನಾಯಿಕೆಮ್ಮಿನ ಲಕ್ಷಣ ಇದ್ದರೆ, ಮೂರು ವರ್ಷ ದಾಟಿದ ಮಗುವಿಗೆ ಜ್ವರದೊಡನೆ ಗಂಟಲು ಕೆಂಪಾಗಿ ನೋವಿದ್ದರೆ ಸ್ವಾಬಿಗೆ ಅರ್ಥವಿದೆ. ಏಳು ತಿಂಗಳ ಮಗುವಿಗೆ ವರ್ಷಕ್ಕೆ ಆರೆಂಟು ನೆಗಡಿ ಬರುವುದು ವಾಡಿಕೆ, ಒಂದೊಂದೂ ಹತ್ತು ಹದಿನಾಲ್ಕು ದಿನ ಎಳೆಯುತ್ತದೆ. ಚಳಿಗಾಲದಲ್ಲಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿ, ತಿಂಗಳಿಡೀ ಒಂದೇ ನೆಗಡಿ ಇದ್ದಂತೆ ಕಾಣುತ್ತದೆ.

*ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದೇವೆ. ಎರಡು ತಿಂಗಳ ಕೂಸು, ಅಂಗನವಾಡಿಗೆ ಹೋಗುವ ಮೂರೂವರೆ ವರ್ಷದ ಮಗ. ದೊಡ್ಡವನ ಮೂಗು ಸದಾ ಸೋರುತ್ತೆ. ಅವನಿಂದಲೇ ಕೂಸಿಗೆ ಬರುತ್ತದೆ, ದೂರ ಇಡು ಅನ್ನುತ್ತಾರೆ. ನಿಜವಾ? ಈ ಬ್ಯಾಕ್ಟೀರಿಯ ಯಾವಾಗ, ಎಲ್ಲಿಂದ ಬರುತ್ತವೆ? – ಮೂಡಿಗೆರೆ ತಾಲ್ಲೂಕು*

ಅವನಿಂದ ಬರುವುದು ನಿಜ. ಆದರೆ ದೂರ ಇಡುವುದು ಒಂದೇ ಕೋಣೆಯ ಮನೆಯಲ್ಲಿ ಆಗದ ಮಾತು. ಅಷ್ಟು ಕಷ್ಟಪಡುವ ಅಗತ್ಯವೂ ಇಲ್ಲ.

ಹುಟ್ಟುವಾಗ ಕೂಸಿನ ಮೂಗು ಹೆಚ್ಚುಕಡಿಮೆ ಖಾಲಿ. ಮೊದಲ ದಿನಗಳಲ್ಲಿ ತಾಯಿಯ ಮೈ, ಕೈ, ಬಾಯಿಯಿಂದ ಬಗೆಬಗೆಯ ಬ್ಯಾಕ್ಟೀರಿಯ ಬರುತ್ತವೆ. ಮೊದಲ ಕೆಲವು ವಾರ ಮೂಗಿನಲ್ಲಿ ಎದ್ದು ಕಾಣುವುದು ಸ್ಟೆಫೈಲೊಕಾಕಸ್ ಆರಿಯಸ್. ಅದೇ ಬ್ಯಾಕ್ಟೀರಿಯ ಬಹಳ ಸಲ ತಾಯಿಯ ಮೂಗಿನಲ್ಲೂ ಇರುತ್ತದೆ. ತಿಂಗಳು ಕಳೆದಂತೆ ಅದು ಕಡಿಮೆಯಾಗಿ ನ್ಯೂಮೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲ ಕೆಟರಾಲಿಸ್ ಎಂಬ ಮೂರು ಹೆಚ್ಚುತ್ತವೆ. ನ್ಯೂಮೊಕಾಕಸ್ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತದೆ. ಗಾಯ ತೊಳೆಯಲು ಬಳಸುವ ಅದೇ ರಾಸಾಯನಿಕ. ಅದು ಸ್ಟೆಫೈಲೊಕಾಕಸ್ ಹಿಂದೆ ಸರಿಯಲು ಒಂದು ಕಾರಣವಿರಬೇಕು ಎಂದು ಲ್ಯಾಬ್ ಪ್ರಯೋಗಗಳು ಸೂಚಿಸುತ್ತವೆ.

ಇವುಗಳ ನಡುವೆ ಕೊರಿನಿಬ್ಯಾಕ್ಟೀರಿಯಂ, ಡೊಲೊಸಿಗ್ರ್ಯಾನ್ಯುಲಂ ಎಂಬ ಸಾಧುಗಳೂ ಇವೆ. ಗದ್ದೆಯಲ್ಲಿ ಪೈರು ಒತ್ತಾಗಿ ನಿಂತರೆ ಕಳೆಗೆ ಜಾಗ ಸಿಗದ ಹಾಗೆ, ಇವು ಚೆನ್ನಾಗಿ ನೆಲೆಯೂರಿದ ಮಕ್ಕಳಿಗೆ ಶ್ವಾಸಕೋಶದ ಸೋಂಕು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಎದೆಹಾಲು ಮಾತ್ರ ಕುಡಿಯುವ ಮಕ್ಕಳ ಮೂಗಿನಲ್ಲಿ ಇವೆರಡೂ ಹೆಚ್ಚು ಕಾಣಸಿಗುತ್ತವೆ. ಕಾರಣವಿಲ್ಲದೆ ಕೊಟ್ಟ ಆಂಟಿಬಯೋಟಿಕ್‌ಗೆ ಮೊದಲು ಬಲಿಯಾಗುವವರಲ್ಲಿ ಇವೂ ಸೇರಿವೆ.

ದೊಡ್ಡವನಿಂದ ಕೂಸಿಗೆ ಹರಡುವುದು ಎಂಜಲು, ಸಿಂಬಳ, ಅದು ಮೆತ್ತಿದ ಕೈ ಮತ್ತು ಬಟ್ಟೆಯ ಮೂಲಕ. ನೆಗಡಿ ಆದಾಗ ಮೂಗಿನಲ್ಲಿ ಬ್ಯಾಕ್ಟೀರಿಯದ ಪ್ರಮಾಣ ಏರುತ್ತದೆ, ಸೋರಿಕೆಯೂ ಹೆಚ್ಚು. ಹಾಗಾಗಿ ನೆಗಡಿ ಇರುವ ದಿನಗಳಲ್ಲಿ ಮಾತ್ರ ಸ್ವಲ್ಪ ಬಿಗಿ ಮಾಡಿ. ಅವನ ಮೂಗು ಒರೆಸಿದ ಬಟ್ಟೆಯಿಂದಲೋ ಸೀರೆ ಸೆರಗಿನಿಂದಲೋ ಕೂಸಿನ ಬಾಯಿ ಒರೆಸಬೇಡಿ. ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ. ಅವನಿಗೆ ಎರಡು ಹಳೇ ಬಟ್ಟೆ ತುಂಡು ಬೇರೆ ಮಾಡಿ, ದಿನಾ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಗು ಒರೆಸಿದ ಮೇಲೆ ನಿಮ್ಮ ಕೈಯನ್ನೂ ಅವನ ಕೈಯನ್ನೂ ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಿರಿ. ತಮ್ಮನ ತಲೆ, ಪಾದ ಮುಟ್ಟಿ ಮುದ್ದು ಮಾಡಲಿ, ಮುಖ ಬೇಡ. ಅವನು ಚೀಪಿದ ಚಮಚ, ನಿಪ್ಪಲ್ ಕೂಸಿನ ಬಾಯಿಗೆ ಹೋಗಬಾರದು. ಮಲಗುವಾಗ ಕೂಸು ನಿಮ್ಮ ಒಂದು ಪಕ್ಕ, ಅವನು ಇನ್ನೊಂದು ಪಕ್ಕ.

ಇಷ್ಟು ಮಾಡಿದರೂ ಬ್ಯಾಕ್ಟೀರಿಯ ಬರುತ್ತವೆ, ಆದರೆ ತಡವಾಗಿ ಬರುತ್ತವೆ. ಆ ತಡ ಬಹಳ ಬೆಲೆಯದು. ಅಷ್ಟರೊಳಗೆ ಲಸಿಕೆಯ ಡೋಸ್‌ಗಳು ಆಗಿರುತ್ತವೆ, ಕೂಸಿನ ಉಸಿರ ಕೊಳವೆ ಸ್ವಲ್ಪ ಅಗಲವಾಗಿರುತ್ತದೆ.

*ಸಿಂಬಳ ಹಸಿರಾದರೆ ಆಂಟಿಬಯೋಟಿಕ್ ಬೇಕಲ್ಲವೇ? ದೊಡ್ಡ ಮಗುವಿಗೆ ತಂದ ಸಿರಪ್ ಅರ್ಧ ಬಾಟಲಿ ಉಳಿದಿದೆ. – ಚನ್ನರಾಯಪಟ್ಟಣ*

ಬೇಡ. ಹಸಿರು ಬಣ್ಣ ಬರುವುದು ಬಿಳಿ ರಕ್ತಕಣಗಳೊಳಗಿನ ಒಂದು ಕಿಣ್ವದಿಂದ. ವೈರಸ್ ನೆಗಡಿಯಲ್ಲೂ ಮೂರ್ನಾಲ್ಕನೇ ದಿನ ಸಿಂಬಳ ಗಟ್ಟಿಯಾಗಿ ಹಸಿರಾಗುತ್ತದೆ.

ಉಳಿದ ಸಿರಪ್ ಚೆಲ್ಲಿ. ಪುಡಿಗೆ ನೀರು ಬೆರೆಸಿದ ಅಮಾಕ್ಸಿಸಿಲಿನ್ ಸಿರಪ್ಪಿನ ಶಕ್ತಿ ಸಾಮಾನ್ಯವಾಗಿ ಒಂದು ವಾರದ ಲೆಕ್ಕದ್ದು (ಲೇಬಲ್ಲಿನಲ್ಲಿ ಬರೆದಿರುತ್ತದೆ). ಪ್ರಮಾಣ ಮಗುವಿನ ತೂಕದ ಮೇಲೆ ಹೋಗುವುದರಿಂದ ಅಣ್ಣನ ಚಮಚದ ಲೆಕ್ಕ ತಂಗಿಗೆ ಹೊಂದುವುದಿಲ್ಲ. ಅಂಗಡಿಯಲ್ಲಿ ಕೇಳಿ ತರುವ ನೆಗಡಿ–ಕೆಮ್ಮಿನ ಸಿರಪ್ಪೂ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ.

*ಮೊಮ್ಮಗುವಿಗೆ ಮೂರು ತಿಂಗಳು. ಎಣ್ಣೆ–ನೀರು ಹಾಕುವಾಗ ಮೂಗಿಗೆ, ಕಿವಿಗೆ ಎರಡೆರಡು ಹನಿ ಹರಳೆಣ್ಣೆ ಬಿಟ್ಟು, ಮೂಗು ಊದಿ, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು ನಮ್ಮಲ್ಲಿ ತಲೆಮಾರಿನಿಂದ ಬಂದ ಪದ್ಧತಿ. ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ. ಹೀಗೆ ಮಾಡಿದರೆ ಕೀಟಾಣು ಎಲ್ಲ ಹೋಗುತ್ತೆ ಅನ್ನುವುದು ನಮ್ಮ ನಂಬಿಕೆ. ಸೊಸೆ ಬೇಡ ಅನ್ನುತ್ತಾಳೆ. – ಅರಕಲಗೂಡು*

ಅಮ್ಮಾ, ಈ ಸಲ ಸೊಸೆಯ ಮಾತೇ ಸರಿ. ಮೈಗೆ ಎಣ್ಣೆ ಹಚ್ಚಿ ನೀವುವುದು ಒಳ್ಳೆಯದು, ಬಿಡಬೇಡಿ. ನೆತ್ತಿಗೆ ಎಣ್ಣೆ ಮುಟ್ಟಿಸುವುದಕ್ಕೂ ಅಡ್ಡಿಯಿಲ್ಲ, ಒತ್ತಬೇಡಿ ಅಷ್ಟೇ. ಬಿಡಬೇಕಾದದ್ದು ಮೂಗು, ಗಂಟಲು, ಕಿವಿಯೊಳಗಿನ ಕೆಲಸ ಮತ್ತು ಹೊಗೆ.

ಮೊದಲು ಎಣ್ಣೆ. ನೀರು ತಪ್ಪಿ ಉಸಿರ ಕೊಳವೆಗೆ ಹೋದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ನುಣುಪಾದ್ದರಿಂದ ಆ ಕೆಮ್ಮು ಸರಿಯಾಗಿ ಏಳುವುದೇ ಇಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಅದನ್ನು ಕರಗಿಸುವ ವ್ಯವಸ್ಥೆ ಇಲ್ಲ. ದಿನಾ ಎರಡು ಹನಿಯಂತೆ ವಾರಗಟ್ಟಲೆ ಸೇರಿದರೆ ಎಣ್ಣೆಯಿಂದಾಗುವ ನ್ಯೂಮೋನಿಯಾ ಬರಬಹುದು, ಲಿಪಾಯ್ಡ್ ನ್ಯೂಮೋನಿಯಾ ಎಂದು ಅದರ ಹೆಸರು. ಅದು ಬ್ಯಾಕ್ಟೀರಿಯದ್ದಲ್ಲ, ಹಾಗಾಗಿ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಎಕ್ಸ್‌ರೇಯಲ್ಲಿ ನೆರಳು ತಿಂಗಳುಗಟ್ಟಲೆ ಉಳಿಯಬಹುದು. ‘ಕಫ ವಾಸಿಯಾಗುತ್ತಲೇ ಇಲ್ಲ’ ಎಂದು ಆಸ್ಪತ್ರೆಗೆ ಬಂದ ಮಗುವಿನ ಮನೆಯವರನ್ನು ವೈದ್ಯರು ಮೂಗಿಗೆ ಎಣ್ಣೆ ಬಿಡುತ್ತೀರಾ ಎಂದು ಕೇಳುವುದು ಇದಕ್ಕೇ. ಆಗ ನಾಚಿಕೆಯಿಲ್ಲದೆ ನಿಜ ಹೇಳಬೇಕು.

ಎಣ್ಣೆಯಿಂದ ಬ್ಯಾಕ್ಟೀರಿಯ ಹೋಗುವುದೂ ಇಲ್ಲ. ಮೂಗಿನ ಒಳಪದರದ ತುಂಬ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ಒಂದೇ ಸಮನೆ ಬಡಿಯುತ್ತ ಲೋಳೆಯನ್ನೂ ಅದಕ್ಕೆ ಅಂಟಿದ ಬ್ಯಾಕ್ಟೀರಿಯವನ್ನೂ ಗಂಟಲಿನ ಕಡೆಗೆ ತಳ್ಳುತ್ತವೆ. ಮಗು ಅದನ್ನು ನುಂಗುತ್ತದೆ, ಹೊಟ್ಟೆಯ ಆಮ್ಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎಣ್ಣೆ ಮೆತ್ತಿದರೆ ಈ ರೋಮಗಳ ಕೆಲಸ ಕೆಡುತ್ತದೆ. ಸಾಂಬ್ರಾಣಿ ಹೊಗೆ, ಬಚ್ಚಲೊಲೆಯ ಸೌದೆ ಹೊಗೆ, ಬೀಡಿ ಹೊಗೆ ಎಲ್ಲವೂ ಇದೇ ರೋಮಗಳಿಗೆ ಕಂಟಕ. ಸೌದೆ ಒಲೆಯ ಹೊಗೆ ತುಂಬುವ ಮನೆಗಳಲ್ಲಿ ಮಕ್ಕಳ ನ್ಯೂಮೋನಿಯಾ ಹೆಚ್ಚು ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ಮಲೆನಾಡಿನ ಚಳಿಗೆ ಹಂಡೆ ಒಲೆ ಉರಿಸಲೇಬೇಕು, ಸರಿ. ನೀರು ಕಾದ ಮೇಲೆ ಕೊಳ್ಳಿಗಳನ್ನು ಹೊರಗೆಳೆದು ಆರಿಸಿ, ಹೊಗೆ ಹೋದ ಮೇಲೆ ಮಗುವನ್ನು ಬಚ್ಚಲಿಗೆ ತನ್ನಿ. ಕೂದಲು ಒಣಗಿಸಲು ಒಣ ಟವೆಲ್ ಸಾಕು. ಸಾಂಬ್ರಾಣಿ ದೇವರ ಮನೆಯಲ್ಲಿರಲಿ.

ಗಂಟಲಿಗೆ ಬೆರಳು ಹಾಕಿದಾಗ ಬರುವ ‘ಕಫ’ ಬಹುತೇಕ ಲಾಲಾರಸ, ಹಾಲು ಮತ್ತು ನುಂಗಬೇಕಿದ್ದ ಲೋಳೆ. ಉಗುರು ತಾಗಿದರೆ ಗಂಟಲಿನ ಮೆತ್ತನೆಯ ಪದರ ಗೀರುತ್ತದೆ, ಅಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಕ್ಕೆ ರಕ್ತಕ್ಕೆ ಇಳಿಯಲು ದಾರಿಯಾಗುತ್ತದೆ. ಬಾಯಿಂದ ಮೂಗಿಗೆ ಊದಿದರೆ ಊದಿದವರ ಬಾಯಿಯ ಬ್ಯಾಕ್ಟೀರಿಯವೆಲ್ಲ ಮಗುವಿನ ಪಾಲು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದರೆ ಅದೂ ನಿಲ್ಲಲಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಕೂಡದು.

ಮೂಗು ಕಟ್ಟಿ ಗೊರಗೊರ ಎನ್ನುತ್ತಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಮಕ್ಕಳ ಸಲೈನ್ ಮೂಗಿನ ಹನಿ ತನ್ನಿ. ಅದು 0.9 ಶೇಕಡಾ ಉಪ್ಪುನೀರು ಮಾತ್ರ, ಬೇರೆ ಔಷಧಿ ಸೇರಿರಬಾರದು. ‘ಕ್ಸೈಲೊಮೆಟಾಜೊಲಿನ್’, ‘ಆಕ್ಸಿಮೆಟಾಜೊಲಿನ್’ ಎಂದು ಬರೆದಿದ್ದರೆ ಹಿಂದಿರುಗಿಸಿ. ಹಾಲು ಕೊಡುವ ಹತ್ತು ಹದಿನೈದು ನಿಮಿಷ ಮೊದಲು ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಒಂದೊಂದು ಹೊಳ್ಳೆಗೆ ಎರಡು ಹನಿ ಬಿಡಿ. ತುದಿ ಮೂಗಿಗೆ ತಾಗದಿರಲಿ, ತಾಗಿದರೆ ಬಾಟಲಿಯೊಳಗೇ ಬ್ಯಾಕ್ಟೀರಿಯ ಸೇರುತ್ತದೆ. ಒಂದು ನಿಮಿಷ ಕಾದು, ಹೊರಬಂದ ಸಿಂಬಳವನ್ನು ಮೆತ್ತನೆ ಬಟ್ಟೆಯ ಬತ್ತಿಯಿಂದ ಒರೆಸಿ. ರಬ್ಬರ್ ಬಲ್ಬ್ ಬಳಸುವುದಾದರೆ ಮೊದಲು ಹೊರಗೆ ಅದುಮಿ, ಅದುಮಿದ ಹಾಗೆಯೇ ಹೊಳ್ಳೆಯ ಬಾಯಿಗೆ ಇಟ್ಟು, ನಿಧಾನಕ್ಕೆ ಬಿಡಬೇಕು. ಮೂಗಿಗೆ ಇಟ್ಟ ಮೇಲೆ ಅದುಮಿದರೆ ಸಿಂಬಳ ಹಿಂದಕ್ಕೆ ಹೋಗುತ್ತದೆ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಎಳೆದರೆ ಒಳಪದರ ಊದಿಕೊಂಡು ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮಗು ಚೆನ್ನಾಗಿ ಹಾಲು ಕುಡಿದು ಮಲಗುತ್ತಿದ್ದರೆ, ಬರೀ ಶಬ್ದಕ್ಕೆ ಇದಾವುದೂ ಬೇಕಿಲ್ಲ.

*ಸರ್ಕಾರಿ ಆಸ್ಪತ್ರೆಯಲ್ಲಿ ಪಿಸಿವಿ (ನ್ಯೂಮೊಕಾಕಸ್ ಲಸಿಕೆ) ಎರಡು ಡೋಸ್ ಆಗಿದೆ. ಆದರೂ ಮೂಗಿನಲ್ಲಿ ನ್ಯೂಮೊಕಾಕಸ್ ಇರಬಹುದು ಅನ್ನುತ್ತಾರೆ. ಹಾಗಾದರೆ ಲಸಿಕೆ ಯಾಕೆ? – ಕಡೂರು*

ನ್ಯೂಮೊಕಾಕಸ್‌ನಲ್ಲಿ ಮೇಲ್ಕವಚದ ಸಕ್ಕರೆಯ ವ್ಯತ್ಯಾಸದಿಂದ 100ಕ್ಕೂ ಹೆಚ್ಚು ಬಗೆಗಳಿವೆ. ಅವೆಲ್ಲವೂ ಒಂದೇ ಸಮ ಅಪಾಯಕಾರಿಯಲ್ಲ. ಭಾರತದ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಪಿಸಿವಿಯಲ್ಲಿ 10 ಬಗೆಗಳಿವೆ: 1, 5, 6ಎ, 6ಬಿ, 7ಎಫ್, 9ವಿ, 14, 19ಎ, 19ಎಫ್, 23ಎಫ್. ರಕ್ತಕ್ಕೆ, ಮೆದುಳಿನ ಪೊರೆಗೆ, ಶ್ವಾಸಕೋಶಕ್ಕೆ ನುಗ್ಗುವುದರಲ್ಲಿ ಮುಂದಿರುವವು ಎಂದು ಆರಿಸಿದವು ಇವು. ಲಸಿಕೆ ಮಗುವನ್ನು ಈ ನುಗ್ಗುವಿಕೆಯಿಂದ ಕಾಯುತ್ತದೆ, ಜೊತೆಗೆ ಮೂಗಿನಲ್ಲೂ ಈ ಹತ್ತು ಬಗೆಗಳು ನೆಲೆಯೂರುವುದನ್ನು ತಗ್ಗಿಸುತ್ತದೆ. ಖಾಲಿಯಾದ ಜಾಗಕ್ಕೆ ಲಸಿಕೆಯಲ್ಲಿ ಇಲ್ಲದ ಬಗೆಗಳು ಬರುತ್ತವೆ. ಆದ್ದರಿಂದ ಲಸಿಕೆ ಪಡೆದ ಮಗುವಿನ ಸ್ವಾಬಿನಲ್ಲೂ ‘ನ್ಯೂಮೊಕಾಕಸ್’ ಎಂದೇ ಬರುತ್ತದೆ. ಯಾವ ಬಗೆ ಎಂಬುದನ್ನು ಮಾಮೂಲಿ ರಿಪೋರ್ಟ್ ಹೇಳುವುದಿಲ್ಲ.

ಮಕ್ಕಳ ಮೂಗಿನಿಂದ ಆ ಬಗೆಗಳು ಕಡಿಮೆಯಾದರೆ ಮನೆಯ ಹಿರಿಯರಿಗೂ ಲಾಭ. ಅಮೆರಿಕದಲ್ಲಿ 2000ದಲ್ಲಿ ಎಳೆಮಕ್ಕಳಿಗೆ ಈ ಜಾತಿಯ ಮೊದಲ ಲಸಿಕೆ ಶುರುವಾದ ಕೆಲವೇ ವರ್ಷಗಳಲ್ಲಿ, ಲಸಿಕೆ ಪಡೆಯದ ಹಿರಿಯರಲ್ಲೂ ಆ ಬಗೆಗಳ ತೀವ್ರ ಕಾಯಿಲೆ ಇಳಿಯಿತು. ಅಜ್ಜಿ ತಾತಂದಿರಿಗೆ ಹರಡುತ್ತಿದ್ದುದು ಮೊಮ್ಮಕ್ಕಳ ಮೂಗಿನಿಂದ ಎಂಬುದು ಆಗ ಖಚಿತವಾಯಿತು.

ಭಾರತದಲ್ಲಿ ಪಿಸಿವಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಿಂದ ದೇಶದೆಲ್ಲೆಡೆ ಉಚಿತ. ಒಂದೂವರೆ ತಿಂಗಳು (6 ವಾರ), ಮೂರೂವರೆ ತಿಂಗಳು (14 ವಾರ), ಒಂಬತ್ತು ತಿಂಗಳು, ಹೀಗೆ ಮೂರು ಡೋಸ್. ಪ್ರತಿ ಸಲ 0.5 ಎಂಎಲ್, ಬಲ ತೊಡೆಯ ಹೊರಮಗ್ಗುಲಿಗೆ. ಎಡ ತೊಡೆಗೆ ಕೊಡುವುದು ಪೆಂಟಾವೇಲೆಂಟ್ (ಐದು ರೋಗಗಳ ಒಂದೇ ಲಸಿಕೆ), ಅದರಲ್ಲಿರುವ ಹಿಬ್ ಅಂಶ ಹಿಮೋಫಿಲಸ್ ಬಿ ಬಗೆಯಿಂದ ಕಾಯುತ್ತದೆ. ಮೂಗಿನಲ್ಲಿ ಸಾಮಾನ್ಯವಾಗಿ ಸಿಗುವ ಹಿಮೋಫಿಲಸ್‌ಗೆ ಕವಚವೇ ಇಲ್ಲ, ಅದರ ಮೇಲೆ ಪೆಂಟಾ ಕೆಲಸ ಮಾಡುವುದಿಲ್ಲ. ಖಾಸಗಿಯಲ್ಲಿ 6, 10, 14 ವಾರ ಮತ್ತು 12–15 ತಿಂಗಳಿಗೆ ಬೂಸ್ಟರ್ ಎಂದು ನಾಲ್ಕು ಡೋಸ್ ಕೊಡುತ್ತಾರೆ. ಎರಡೂ ಸರಿ, ನಡುವೆ ಗೊಂದಲ ಮಾಡಿಕೊಳ್ಳಬೇಡಿ.

ನಿಮ್ಮ ಮಗುವಿಗೆ ಬಾಕಿ ಇರುವುದು ಒಂಬತ್ತು ತಿಂಗಳದು. ಅದನ್ನೇ ಜನ ತಪ್ಪಿಸುವುದು. ದಡಾರ–ರುಬೆಲ್ಲಾ ಚುಚ್ಚಿಸಿ ‘ಆಯ್ತು’ ಎಂದು ಎದ್ದು ಬರುತ್ತಾರೆ. ಅದೇ ದಿನ ತಾಯಿ ಕಾರ್ಡಿನಲ್ಲಿ ಪಿಸಿವಿ ಬೂಸ್ಟರ್ ಮುಂದೆ ದಿನಾಂಕ ಬಿದ್ದಿದೆಯೇ ಎಂದು ನೋಡಿಕೊಂಡೇ ಏಳಿ. ಸಣ್ಣ ನೆಗಡಿ ಇದ್ದರೆ ಲಸಿಕೆ ಮುಂದೂಡುವ ಕಾರಣವಿಲ್ಲ.

*ನೆಗಡಿ ಬಂದಾಗಲೆಲ್ಲ ಒಂದು ವರ್ಷದ ಮಗನ ಕಿವಿ ಸೋರುತ್ತದೆ. ಮೂಗಿಗೂ ಕಿವಿಗೂ ಏನು ಸಂಬಂಧ? – ಅರಸೀಕೆರೆ*

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ನಾಳವಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟ. ನೆಗಡಿಯಲ್ಲಿ ಅದರ ಬಾಯಿ ಊದಿಕೊಂಡು ಮುಚ್ಚಿದರೆ ಮೇಲೆ ಹೇಳಿದ ಮೂರೂ ಬ್ಯಾಕ್ಟೀರಿಯ, ಅಂದರೆ ನ್ಯೂಮೊಕಾಕಸ್, ಹಿಮೋಫಿಲಸ್, ಮೊರಾಕ್ಸೆಲ್ಲ, ನಡುಗಿವಿಯಲ್ಲಿ ಸಿಕ್ಕಿಕೊಂಡು ಕೀವಾಗುತ್ತದೆ. ಬಾಟಲಿ ಹಾಲನ್ನು ಮಲಗಿಸಿ ಕುಡಿಸುವುದು ಇದನ್ನು ಹೆಚ್ಚಿಸುತ್ತದೆ. ತಲೆ ಎತ್ತರದಲ್ಲಿಟ್ಟು ಕುಡಿಸಿ, ಇನ್ನೂ ಮೇಲೆಂದರೆ ಬಾಟಲಿ ಬಿಡಿಸಿ ಲೋಟಕ್ಕೆ ಬನ್ನಿ.

ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬೇಡ. ಒಗೆದ ಹತ್ತಿ ಬಟ್ಟೆಯನ್ನು ಬತ್ತಿ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದ ಮೇಲೆ ತೆಗೆದು ಹೊಸದು ಇಡಿ, ಬತ್ತಿ ಒಣದಾಗಿ ಬರುವವರೆಗೆ. ದಿನಕ್ಕೆ ಮೂರು ಸಲ. ಬೆಂಕಿಕಡ್ಡಿ, ಬಡ್ಸ್ ಬೇಡ. ಹೀಗೆ ಮಾಡುತ್ತಲೇ ವೈದ್ಯರಿಗೂ ತೋರಿಸಿ, ಇಲ್ಲಿ ಆಂಟಿಬಯೋಟಿಕ್ ಬೇಕಾಗಬಹುದು. ಎರಡು ವಾರ ಮೀರಿ ಸೋರಿದರೆ ಕಿವಿ–ಮೂಗು–ಗಂಟಲು ತಜ್ಞರು ನೋಡಬೇಕು. ಕಿವಿಯ ಹಿಂದಿನ ಮೂಳೆ ಊದಿ ನೋವಿದ್ದರೆ ಅಂದೇ ಹೋಗಿ.

*ನಾನು ಡಿಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ವಿದ್ಯಾರ್ಥಿ. ಪ್ರಾಜೆಕ್ಟಿಗೆ ಅನುಮತಿ, ತಂದೆ ತಾಯಂದಿರ ಒಪ್ಪಿಗೆ ಎಲ್ಲ ಪಡೆದು ಆರೋಗ್ಯವಂತ ಶಿಶುಗಳ ಮೂಗಿನ ಸ್ವಾಬ್ ತೆಗೆದೆ. ಹತ್ತಿಯ ಕಡ್ಡಿ, ಹೊಳ್ಳೆಯೊಳಗೆ ಒಂದು ಸುತ್ತು. ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬ್ಲಡ್ ಅಗರ್ (ಬ್ಯಾಕ್ಟೀರಿಯ ಬೆಳೆಸುವ, ರಕ್ತ ಬೆರೆಸಿದ ಜೆಲ್ಲಿ) ಮೇಲೆ ಹಾಕಿ, ಎರಡು ದಿನ ಬಿಟ್ಟು ನೋಡಿದೆ. ರಕ್ತ ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಚೀಲದ್ದು. ಬರೀ ಸ್ಟೆಫೈಲೊಕಾಕಸ್ ಸಿಕ್ಕಿದೆ, ನ್ಯೂಮೊಕಾಕಸ್ ಒಂದೂ ಇಲ್ಲ. ನಮ್ಮ ಊರಿನ ಮಕ್ಕಳಲ್ಲಿ ಇಲ್ಲವೆಂದು ಬರೆಯಬಹುದೇ? – ಹಾಸನ*

ಖಂಡಿತ ಬರೆಯಬೇಡಿ. ನೀವು ಹುಡುಕಿದ ಜಾಗವೇ ಬೇರೆ. ಹೊಳ್ಳೆಯ ಮುಂಭಾಗ ಸ್ಟೆಫೈಲೊಕಾಕಸ್‌ನ ನೆಲೆ, ಅಲ್ಲಿ ಅದು ಸಿಕ್ಕಿದ್ದು ಸರಿಯಾದ ಫಲಿತಾಂಶವೇ. ನ್ಯೂಮೊಕಾಕಸ್ ಬೇಕಾದರೆ ಮೂಗಿನ ಹಿಂಭಾಗಕ್ಕೆ ಹೋಗಬೇಕು. ಎಳೆ ಮಕ್ಕಳಲ್ಲಿ ಗಂಟಲ ಸ್ವಾಬ್ ಕೂಡ ಇದಕ್ಕೆ ಕಡಿಮೆ.

ಹತ್ತಿಯಲ್ಲಿರುವ ಕೊಬ್ಬಿನ ಆಮ್ಲಗಳು ಈ ನಾಜೂಕಿನ ಬ್ಯಾಕ್ಟೀರಿಯವನ್ನು ತಡೆಯುತ್ತವೆ. ಬಾಗುವ ತೆಳು ಕಡ್ಡಿಯ ನೈಲಾನ್ ಅಥವಾ ಡೇಕ್ರಾನ್ ಸ್ವಾಬ್ ಬಳಸಿ. ತಾಯಿ ಮಗುವನ್ನು ಎದೆಗೆ ಒರಗಿಸಿಕೊಂಡು ಒಂದು ಕೈಯಿಂದ ಹಣೆ, ಇನ್ನೊಂದರಿಂದ ಎರಡೂ ಕೈ ಹಿಡಿದಿರಲಿ. ಹೊಳ್ಳೆಯಿಂದ ಕಿವಿಯವರೆಗಿನ ಅಂತರದ ಅರ್ಧವನ್ನು ಕಡ್ಡಿಯ ಮೇಲೆ ಅಳೆದುಕೊಂಡು, ಮೂಗಿನ ತಳಕ್ಕೆ ಸಮನಾಗಿ ನೇರ ಹಿಂದಕ್ಕೆ ಒಯ್ಯಿರಿ. ಮೇಲ್ಮುಖವಾಗಿ ಹೋದರೆ ಮೂಳೆಗೆ ತಾಗಿ ರಕ್ತ ಬರುತ್ತದೆ. ಅಡ್ಡಿ ಸಿಕ್ಕರೆ ಒತ್ತದೆ ಹೊರತೆಗೆದು ಇನ್ನೊಂದು ಹೊಳ್ಳೆ ನೋಡಿ. ಮುಟ್ಟಿದ ಮೇಲೆ ಅರ್ಧ ಸುತ್ತು ತಿರುಗಿಸಿ, ಐದು ಸೆಕೆಂಡ್ ಬಿಟ್ಟು ತೆಗೆಯಿರಿ.

ಒಣ ಸ್ವಾಬ್ ರಾತ್ರಿ ಕಳೆದರೆ ನ್ಯೂಮೊಕಾಕಸ್ ಸತ್ತ ಹಾಗೆಯೇ. ಸ್ವಾಬಿನ ಬ್ಯಾಕ್ಟೀರಿಯ ಸಾಯದಂತೆ ಸಾಗಿಸಲು ಬಳಸುವ ಎಸ್‌ಟಿಜಿಜಿ ಎಂಬ ದ್ರಾವಣವನ್ನು ನೀವೇ ಮಾಡಿಕೊಳ್ಳಬಹುದು: ಕೆನೆರಹಿತ ಹಾಲಿನ ಪುಡಿ 2 ಗ್ರಾಂ, ಟ್ರಿಪ್ಟೋನ್ ಸೋಯಾ ಬ್ರಾತ್ ಪುಡಿ 3 ಗ್ರಾಂ, ಗ್ಲೂಕೋಸ್ 0.5 ಗ್ರಾಂ, ಗ್ಲಿಸರಾಲ್ 10 ಎಂಎಲ್, ಡಿಸ್ಟಿಲ್ಡ್ ವಾಟರ್ 100 ಎಂಎಲ್. ತಿರುಪು ಮುಚ್ಚಳದ ಸೀಸೆಗಳಿಗೆ ಒಂದೊಂದು ಎಂಎಲ್ ಹಾಕಿ 121 ಡಿಗ್ರಿಯಲ್ಲಿ 10 ನಿಮಿಷ ಆಟೋಕ್ಲೇವ್ ಮಾಡಿ. ಹೆಚ್ಚು ಹೊತ್ತು ಬಿಟ್ಟರೆ ಹಾಲು ಕಂದಾಗುತ್ತದೆ. ಸ್ವಾಬಿನ ತುದಿಯನ್ನು ಅದರೊಳಗೆ ಕತ್ತರಿಸಿ, ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿಯಲ್ಲಿ ಎಂಟು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಸಕಲೇಶಪುರದ ಆಚೆಯಿಂದ ತಂದರೂ ಇಷ್ಟು ಸಮಯ ಸಾಕು. ಅಂದೇ ಹಾಕಲಾಗದಿದ್ದರೆ ಮೈನಸ್ 70 ಡಿಗ್ರಿಯ ಫ್ರೀಜರ್ ಬೇಕು, ಮನೆಯ ಫ್ರಿಜ್ಜಿನ ಐಸ್ ಖಾನೆ ಆಗದು.

ಬ್ಲಡ್ ಬ್ಯಾಂಕ್ ರಕ್ತ ಬೇಡ. ಅದರಲ್ಲಿ ದಾನಿಯ ಪ್ರತಿಕಾಯಗಳು, ಸಿಟ್ರೇಟ್, ಕೆಲವೊಮ್ಮೆ ಆಂಟಿಬಯೋಟಿಕ್ ಅಂಶವೂ ಇರುತ್ತದೆ, ಹಿಮೋಲೈಸಿಸ್ (ಕಾಲೊನಿಯ ಸುತ್ತ ರಕ್ತಕಣ ಒಡೆದ ಗುರುತು) ಕೂಡ ಸ್ಪಷ್ಟವಾಗಿ ಕಾಣದು. ಗಾಜಿನ ಮಣಿ ಹಾಕಿ ಅಲ್ಲಾಡಿಸಿ ನಾರು ತೆಗೆದ ಕುರಿ ರಕ್ತ, 100 ಎಂಎಲ್ ಅಗರ್‌ಗೆ 5 ಎಂಎಲ್. ಅಗರ್ 45–50 ಡಿಗ್ರಿಗೆ ಇಳಿದ ಮೇಲೆ ಬೆರೆಸಿ. ಪ್ರತಿ ಎಂಎಲ್‌ಗೆ 5 ಮೈಕ್ರೋಗ್ರಾಂ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿಸಿದರೆ ಸ್ಟೆಫೈಲೊಕಾಕಸ್ ಪ್ಲೇಟ್ ತುಂಬುವುದು ತಪ್ಪುತ್ತದೆ.

ನ್ಯೂಮೊಕಾಕಸ್‌ಗೆ ಕಾರ್ಬನ್ ಡೈಆಕ್ಸೈಡ್ ಬೇಕು. ಅದನ್ನು ಒದಗಿಸುವ ಇನ್‌ಕ್ಯುಬೇಟರ್ ಇಲ್ಲದಿದ್ದರೆ ಕ್ಯಾಂಡಲ್ ಜಾರ್ ಸಾಕು: ದೊಡ್ಡ ಬಾಯಿಯ ಜಾಡಿಯಲ್ಲಿ ಪ್ಲೇಟ್‌ಗಳ ಪಕ್ಕ ಬಿಳಿ ಮೇಣದ ಬತ್ತಿ ಹಚ್ಚಿ, ಮುಚ್ಚಳದ ಅಂಚಿಗೆ ಗ್ರೀಸ್ ಸವರಿ ಮುಚ್ಚಿ. ಬತ್ತಿ ತಾನೇ ಆರುವಷ್ಟರಲ್ಲಿ ಸುಮಾರು 3 ಶೇಕಡಾ ಆಗಿರುತ್ತದೆ. 35–37 ಡಿಗ್ರಿಯಲ್ಲಿ ಇಟ್ಟು ಮಾರನೇ ದಿನವೇ, 18–24 ಗಂಟೆಯೊಳಗೆ ನೋಡಿ. ಎರಡು ದಿನ ಬಿಟ್ಟಿದ್ದು ನಿಮ್ಮ ಇನ್ನೊಂದು ನಷ್ಟ, ಈ ಬ್ಯಾಕ್ಟೀರಿಯ ತನ್ನದೇ ಕಿಣ್ವದಿಂದ ತಾನೇ ಕರಗುತ್ತದೆ. ನಡು ತಗ್ಗಿದ, ಸುತ್ತ ಹಸಿರು ಛಾಯೆಯ ಸಣ್ಣ ಕಾಲೊನಿ ಸಿಕ್ಕರೆ ಹೊಸ ಬ್ಲಡ್ ಅಗರ್‌ಗೆ ದಾಟಿಸಿ 6 ಎಂಎಂ, 5 ಮೈಕ್ರೋಗ್ರಾಂನ ಆಪ್ಟೋಚಿನ್ (ನ್ಯೂಮೊಕಾಕಸ್ ಬೆಳವಣಿಗೆ ತಡೆಯುವ ರಾಸಾಯನಿಕ) ಡಿಸ್ಕ್ ಇಡಿ. ಸುತ್ತಲ ಖಾಲಿ ವಲಯದ ವ್ಯಾಸ 14 ಎಂಎಂ ಅಥವಾ ಹೆಚ್ಚಿದ್ದರೆ ನ್ಯೂಮೊಕಾಕಸ್. ಅದಕ್ಕಿಂತ ಕಡಿಮೆ ಇದ್ದರೆ ಪಿತ್ತಲವಣದಲ್ಲಿ ಕರಗುತ್ತದೆಯೇ ಎಂದು ನೋಡದೆ ತೀರ್ಮಾನಿಸಬೇಡಿ, ಬಾಯಿಯ ನಿರುಪದ್ರವಿ ಸ್ಟ್ರೆಪ್ಟೊಕಾಕಸ್‌ಗಳೂ ಹಸಿರು ಛಾಯೆ ತೋರಿಸುತ್ತವೆ.

ಹಿಮೋಫಿಲಸ್ ಕುರಿಯ ಬ್ಲಡ್ ಅಗರ್ ಮೇಲೆ ಬೆಳೆಯುವುದಿಲ್ಲ, ಅದಕ್ಕೆ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್ ಸೇರಿಸಿದ ಚಾಕೊಲೇಟ್ ಅಗರ್ (ರಕ್ತವನ್ನು ಬಿಸಿ ಮಾಡಿ ಬೆರೆಸಿದ್ದು) ಬೇಕು. ಇದಿಷ್ಟು ಸರಿಮಾಡಿದ ಮೇಲೂ ಸಿಗದಿದ್ದರೆ, ಆ ಮಕ್ಕಳು ಹಿಂದಿನ ದಿನಗಳಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೇ ಎಂದು ಕೇಳಿ. ಆ ಪ್ರಶ್ನೆ ನಿಮ್ಮ ನಮೂನೆಯಲ್ಲಿ ಮೊದಲೇ ಇರಬೇಕಿತ್ತು.

*ಕೊಯ್ಲಿನ ಸಮಯ, ತೋಟದ ಶಿಶುಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಹೆಚ್ಚುಕಡಿಮೆ ಎಲ್ಲರ ಮೂಗೂ ಸೋರುತ್ತಿದೆ. ಯಾರನ್ನು ಆಸ್ಪತ್ರೆಗೆ ಕಳಿಸಬೇಕು ಅಂತ ಹೇಗೆ ತಿಳಿಯುವುದು? – ಬಾಳೆಹೊನ್ನೂರು*

ಮೂಗು ನೋಡಬೇಡಿ, ಎದೆ ನೋಡಿ. ಅಳು ನಿಂತು ಮಗು ಶಾಂತವಾಗಿರುವಾಗ, ನಿದ್ದೆಯಲ್ಲಾದರೆ ಇನ್ನೂ ಒಳ್ಳೆಯದು, ಅಂಗಿ ಮೇಲೆತ್ತಿ ಹೊಟ್ಟೆ–ಎದೆ ಏರುವುದನ್ನು ಮೊಬೈಲಿನಲ್ಲಿ ಸಮಯ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಯರ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ ಎರಡನೇ ಸಲ ಎಣಿಸಿ ಖಚಿತ ಮಾಡಿಕೊಳ್ಳಿ.

ಉಸಿರು ಒಳಗೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ ಎಣಿಕೆಗೂ ಕಾಯಬೇಡಿ. ಹಾಲು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿ: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ಆಸ್ಪತ್ರೆಯೇ. ಗುಡ್ಡದ ತೋಟಗಳಲ್ಲಿ ಸಿಗ್ನಲ್ ಸಿಗದ ಕಡೆ ಜೀಪು ಯಾರದು, ಡ್ರೈವರ್ ಎಲ್ಲಿರುತ್ತಾನೆ ಎಂದು ಕೊಯ್ಲು ಶುರುವಾಗುವ ಮೊದಲೇ ತೋಟದ ರೈಟರ (ಲೆಕ್ಕ ಬರೆಯುವವರ) ಬಳಿ ಕೇಳಿ ಗೋಡೆಗೆ ಬರೆದು ಅಂಟಿಸಿ.

ಉಳಿದ ಮೂಗು ಸೋರುವ ಮಕ್ಕಳು ಶಿಶುಮನೆಯಲ್ಲೇ ಇರಲಿ. ಮನೆಗೆ ಕಳಿಸಿದರೆ ತಾಯಿ ಅವರನ್ನು ಕಟ್ಟಿಕೊಂಡು ಇಬ್ಬನಿಯಲ್ಲಿ ಕೊಯ್ಲಿಗೆ ಹೋಗುತ್ತಾಳೆ. ಕಿಟಕಿ ತೆರೆದಿಡಿ, ಚಾಪೆಗಳ ನಡುವೆ ಒಂದು ಮೊಳ ಬಿಡಿ, ವರ್ಷದೊಳಗಿನವರನ್ನು ನಡೆದಾಡುವ ಮಕ್ಕಳಿಂದ ಬೇರೆ ಮೂಲೆಯಲ್ಲಿ ಮಲಗಿಸಿ. ಒಂದೇ ಟವೆಲ್ಲಿನಲ್ಲಿ ಸಾಲಾಗಿ ಎಲ್ಲರ ಮುಖ ಒರೆಸುವುದನ್ನು ಇಂದೇ ನಿಲ್ಲಿಸಿ.